ಕೊರಳ ಗಂಟೆಲ್ಲ ಏಡಿಗಂತಿಯಲ್ಲ

ಕನ್ನಡದಲ್ಲಿ ಕ್ಯಾನ್ಸರಿಗೆ ಏಡಿಗಂತಿಯೆಂಬ ಹೆಸರುಂಟು. ಹೆಸರಿನಲ್ಲಿಯೇ ಗಂತಿ ಸೇರಿರುವುದರಿಂದಲೋ ಏನೋ, ದೇಹದಲ್ಲಿ ಎಲ್ಲಿ ಗಂಟು ಕಾಣಿಸಿಕೊಂಡರೂ ಜನರ ಮನಸ್ಸು ಒಡನೆಯೇ ಏಡಿಯ ಕಡೆಗೆ ಹರಿಯುತ್ತದೆ. ಸರ ಹಾಕಿಕೊಳ್ಳುತ್ತಿದ್ದ ಗೃಹಿಣಿಯ ಬೆರಳಿಗೆ ಕೊರಳ ಮುಂಭಾಗದಲ್ಲಿ ನೆಲ್ಲಿಕಾಯಿಯಷ್ಟು ಗಂಟೊಂದು ತಗಲಿತೆನ್ನಿ. ಅಂದು ಆ ಮನೆಯಲ್ಲಿ ಯಾರಿಗೂ ಊಟ ರುಚಿಸದು.

ಶ್ವಾಸನಾಳವನ್ನು ಅಪ್ಪಿಕೊಂಡಂತಿರುವ ಥೈರಾಯ್ಡ್ ಗ್ರಂಥಿಗೆ ಆ ಹೆಸರು ಬಂದಿರುವುದು ಗುರಾಣಿಯೆಂಬರ್ಥದ ಗ್ರೀಕ್ ಪದದಿಂದ. ಎಂಜಲು ನುಂಗಿದಾಗ ಗಂಟೂ ಮೇಲೇರಿ ಇಳಿದರೆ ಅದು ಬಹುಮಟ್ಟಿಗೆ ಈ ಗ್ರಂಥಿಯದೇ ಎಂದು ತಿಳಿಯಬಹುದು. ಅಯೋಡಿನ್ನಿನ ಕೊರತೆಯಿಲ್ಲದ ನಾಡುಗಳಲ್ಲಿಯೂ ನೂರು ಸ್ತ್ರೀಯರಲ್ಲಿ ಸುಮಾರು 5 ಮಂದಿಗೆ, ನೂರು ಪುರುಷರಲ್ಲಿ ಒಬ್ಬನಿಗೆ, ಕೈಗೆ ತಗಲುವಂಥ ಗಂಟಿರುತ್ತದೆ. ಅಲ್ಟ್ರಾಸೌಂಡ್ ಯಂತ್ರದಿಂದ ಹುಡುಕಿದರೆ ಇನ್ನೆಷ್ಟೋ ಪಾಲು ಹೆಚ್ಚು ಮಂದಿಯಲ್ಲಿ ಸಿಕ್ಕುತ್ತದೆ. ಪರೀಕ್ಷೆಗೆ ಬರುವ ಗಂಟುಗಳಲ್ಲಿ ಕೊನೆಗೆ ಕ್ಯಾನ್ಸರ್ ಎಂದು ನಿಲ್ಲುವುವು ನೂರಕ್ಕೆ 7ರಿಂದ 15. ಉಳಿದವನ್ನೆಲ್ಲ ಕೊಯ್ಯುವುದು ವ್ಯರ್ಥ. ಇವನ್ನು ಕೊಯ್ಯದೆ ಬಿಡುವುದು ಅನರ್ಥ. ಆದುದರಿಂದ ಕೊಯ್ಯುವುದಕ್ಕೆ ಮೊದಲು ಆರಿಸಬೇಕು. ಆ ಕೆಲಸಕ್ಕೆ ಒದಗುವುದು ಒಂದು ಸಣ್ಣ ಸೂಜಿ.

ಹಾಗೆಂದು ಎಲ್ಲ ಗಂಟಿಗೂ ಸೂಜಿ ಬೇಕಿಲ್ಲ. ಬರಿಯ ನೀರು ತುಂಬಿದ ಗಂಟನ್ನೂ ಒಂದು ಸೆಂಟಿಮೀಟರಿಗಿಂತ ಚಿಕ್ಕದಾದ ಗಂಟನ್ನೂ ಸಾಮಾನ್ಯವಾಗಿ ಚುಚ್ಚುವುದಿಲ್ಲ. ಅಲ್ಟ್ರಾಸೌಂಡ್ ಚಿತ್ರದಲ್ಲಿ ಗಂಟು ಕಪ್ಪಾಗಿ, ಅಂಚು ಹರಕಾಗಿ, ಅಗಲಕ್ಕಿಂತ ಎತ್ತರ ಹೆಚ್ಚಾಗಿ, ಒಳಗೆ ಸುಣ್ಣದ ಸೂಕ್ಷ್ಮ ಕಣಗಳನ್ನು ಇಟ್ಟುಕೊಂಡಿದ್ದರೆ ಸಂಶಯ ಬಲವಾಗುತ್ತದೆ.

ಸ್ವೀಡನ್ನಿನ ವೈದ್ಯರು 1950ರ ದಶಕದಿಂದ ರೂಢಿಗೆ ತಂದ ಈ ಪರೀಕ್ಷೆಯ ಸೂಜಿ, ರಕ್ತ ತೆಗೆಯುವ ಸೂಜಿಗಿಂತಲೂ ತೆಳುವಾದುದು. ಕೆಲವೇ ನಿಮಿಷಗಳ ಕೆಲಸ. ಅದೇ ದಿನ ಮನೆಗೆ ಹೋಗಬಹುದು. ಸೂಜಿಯೊಳಗೆ ಬಂದ ಹನಿಯನ್ನು ಗಾಜಿನ ಮೇಲೆ ಸವರಿ, ಬಣ್ಣ ಕಟ್ಟಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಕನಿಷ್ಠಪಕ್ಷ 6 ಗುಂಪು ಜೀವಕೋಶಗಳು, ಗುಂಪೊಂದರಲ್ಲಿ ಕಡಮೆಯೆಂದರೆ 10, ಕಾಣಬೇಕೆಂಬುದು ಸಾಮಾನ್ಯ ನಿಯಮ.

ಮೊದಲು ಒಬ್ಬೊಬ್ಬ ತಜ್ಞರು ಒಂದೊಂದು ಬಗೆಯ ಮಾತಿನಲ್ಲಿ ವರದಿ ಬರೆಯುತ್ತಿದ್ದರು. ಒಬ್ಬರ ‘ಸಂಶಯ’ ಮತ್ತೊಬ್ಬರ ‘ಸಂಭವ’ವಾಗಿ ಗೊಂದಲವಾಗುತ್ತಿತ್ತು. ಅಮೆರಿಕದ ಬೆಥೆಸ್ಡಾದಲ್ಲಿ 2007ರಲ್ಲಿ ತಜ್ಞರು ಸೇರಿ ಆರು ವರ್ಗಗಳ ಪದ್ಧತಿಯೊಂದನ್ನು ರೂಪಿಸಿದರು. 2010ರಲ್ಲಿ ಅದು ಪುಸ್ತಕವಾಯಿತು, 2023ರಲ್ಲಿ ಮೂರನೆಯ ಪರಿಷ್ಕರಣ ಬಂದಿತು. ಅದರ ಪ್ರಕಾರ ಒಂದನೆಯ ವರ್ಗವೆಂದರೆ ಮಾದರಿ ಸಾಲದು, ಮತ್ತೆ ಚುಚ್ಚಬೇಕು ಎಂದರ್ಥ. ಅದು ಶುಭವಾರ್ತೆಯೂ ಅಲ್ಲ, ಅಶುಭವೂ ಅಲ್ಲ. ಎರಡನೆಯದು ನಿರಪಾಯಕಾರಿ, ಅಲ್ಲಿ ಕ್ಯಾನ್ಸರಿನ ಸಂಭವ ಸರಾಸರಿ ಶೇಕಡ 4. ಆರನೆಯದರಲ್ಲಿ ಶೇಕಡ 97, ಐದನೆಯದರಲ್ಲಿ ಶೇಕಡ 74. ಈ ತುದಿಗಳಲ್ಲಿ ನಿರ್ಧಾರ ಅಷ್ಟು ಕಠಿನವಲ್ಲ. ನಿಜವಾದ ಸಂಕಟ ನಡುವಣ ಮೂರು, ನಾಲ್ಕನೆಯ ವರ್ಗಗಳದು. ಅಲ್ಲಿ ಸಂಭವ ಕ್ರಮವಾಗಿ ಶೇಕಡ 22 ಮತ್ತು 30.

ಇಷ್ಟು ಬೆಳೆದ ವಿದ್ಯೆಗೆ ಹೌದು, ಅಲ್ಲ ಎಂದು ಹೇಳಲು ಏಕೆ ಸಾಧ್ಯವಾಗದು? ಥೈರಾಯ್ಡ್ ಕ್ಯಾನ್ಸರುಗಳಲ್ಲಿ ಅತಿ ಸಾಮಾನ್ಯವಾದ ‘ಪ್ಯಾಪಿಲರಿ’ ಜಾತಿ ತನ್ನ ಗುರುತನ್ನು ಜೀವಕೋಶದ ಕೇಂದ್ರದಲ್ಲಿಯೇ ಹೊತ್ತಿರುತ್ತದೆ: ಕೇಂದ್ರ ಹಿಗ್ಗಿ ಮಸಕಾಗಿ, ಕಾಫಿಬೀಜದ ಸೀಳಿನಂಥ ಗೆರೆ ಮೂಡಿರುತ್ತದೆ. ಅದನ್ನು ಹಿಡಿಯಲು ನಾಲ್ಕಾರು ಗುಂಪು ಕೋಶಗಳು ಸಾಕು. ‘ಫಾಲಿಕ್ಯುಲರ್’ ಜಾತಿಯ ರೀತಿ ಬೇರೆ. ಅಲ್ಲಿ ಸಾಧುವಾದ ಗಂಟಿನ ಕೋಶಕ್ಕೂ ಕ್ಯಾನ್ಸರಿನ ಕೋಶಕ್ಕೂ ರೂಪದಲ್ಲಿ ಭೇದವಿಲ್ಲ. ಗಂಟನ್ನು ಸುತ್ತುವರಿದ ಪೊರೆಯನ್ನೋ ಅಲ್ಲಿಯ ರಕ್ತನಾಳವನ್ನೋ ಕೋಶಗಳು ಭೇದಿಸಿದ್ದರೆ ಕ್ಯಾನ್ಸರ್, ಇಲ್ಲವಾದರೆ ಅಲ್ಲ. ಕೋಟೆಯೊಳಗಿನ ಹತ್ತು ಮಂದಿಯನ್ನು ಹಿಡಿದುತಂದು ವಿಚಾರಿಸಿದರೆ, ಗೋಡೆಗೆ ಕನ್ನ ಬಿದ್ದಿದೆಯೋ ಇಲ್ಲವೋ ತಿಳಿಯುವುದೆ? ಗೋಡೆಯನ್ನೇ ಸುತ್ತಿ ನೋಡಬೇಕು. ಎಂದರೆ ಗ್ರಂಥಿಯ ಆ ಪಾರ್ಶ್ವವನ್ನು ತೆಗೆದು ಪೊರೆಯನ್ನು ಪರೀಕ್ಷಿಸಬೇಕು. ಇಲ್ಲಿ ಶಸ್ತ್ರಕ್ರಿಯೆ ಚಿಕಿತ್ಸೆಗಿಂತ ಹೆಚ್ಚಾಗಿ ಪರೀಕ್ಷೆಯೇ ಆಗಿದೆಯೆಂಬುದನ್ನು ರೋಗಿಗೂ ಮನೆಯವರಿಗೂ ಮುಂಚೆಯೇ ಬಿಡಿಸಿ ಹೇಳುವುದು ವೈದ್ಯರ ಕರ್ತವ್ಯ. ಅರ್ಧ ಗ್ರಂಥಿ ಹೋದರೂ ಐವರಲ್ಲಿ ಸುಮಾರು ನಾಲ್ವರಿಗೆ ಉಳಿದರ್ಧವೇ ಸಾಕಾಗುತ್ತದೆ. ಪೂರ್ಣ ತೆಗೆದರೆ ಮಾತ್ರ ಜೀವಮಾನವೆಲ್ಲ ಮಾತ್ರೆ ತಪ್ಪದು. ಈಚೆಗೆ ಸೂಜಿಯ ಮಾದರಿಯಲ್ಲಿಯೇ ವಂಶವಾಹಿಗಳನ್ನು ಪರೀಕ್ಷಿಸಿ ಸಂಶಯವನ್ನು ತಗ್ಗಿಸುವ ವಿಧಾನಗಳು ಬಂದಿವೆ, ಬೆಲೆ ಮಾತ್ರ ದುಬಾರಿ.

ಮೇಲೆ ಹೇಳಿದ ಶೇಕಡಗಳನ್ನು ಓದುವಾಗ ಒಂದು ಎಚ್ಚರಿಕೆ ಅಗತ್ಯ. ಇವು ಮುಖ್ಯವಾಗಿ ಶಸ್ತ್ರಕ್ರಿಯೆಯಾದ ಗಂಟುಗಳಿಂದ ತೆಗೆದ ಲೆಕ್ಕ. ಸಂಶಯ ಹೆಚ್ಚಿದ್ದ ಗಂಟನ್ನೇ ಕೊಯ್ಯುವುದು ವಾಡಿಕೆಯಾದುದರಿಂದ, ಕೊಯ್ಯದೆ ಬಿಟ್ಟ ಅನೇಕ ಸಾಧು ಗಂಟುಗಳು ಲೆಕ್ಕದ ಹೊರಗೇ ಉಳಿದಿವೆ. ನಿಜವಾದ ಅಪಾಯ, ವಿಶೇಷವಾಗಿ ಎರಡನೆಯ ವರ್ಗದಲ್ಲಿ, ಇದಕ್ಕಿಂತ ಕಡಮೆಯಿರಬೇಕು.

ಗಂಟನ್ನು ಅರಸಿಕೊಂಡು ಹೋದರೆ ಏನಾಗುವುದೆಂಬುದಕ್ಕೆ ದಕ್ಷಿಣ ಕೊರಿಯಾ ನಿದರ್ಶನ. ಅಲ್ಲಿ 1999ರಲ್ಲಿ ಸರ್ಕಾರ ಆರಂಭಿಸಿದ ಕ್ಯಾನ್ಸರ್ ತಪಾಸಣೆಯ ಜೊತೆಗೆ, ಅಲ್ಪ ಶುಲ್ಕಕ್ಕೆ ಕೊರಳ ಅಲ್ಟ್ರಾಸೌಂಡೂ ದೊರೆಯಿತು. 1993ಕ್ಕೆ ಹೋಲಿಸಿದರೆ 2011ರಲ್ಲಿ ಥೈರಾಯ್ಡ್ ಕ್ಯಾನ್ಸರಿನ ಪ್ರಮಾಣ 15 ಪಟ್ಟಾಯಿತು. ಸಾವಿನ ಪ್ರಮಾಣ ಮಾತ್ರ ಕದಲಲಿಲ್ಲ. ಹೆಚ್ಚುಕಡಮೆ ಎಲ್ಲರಿಗೂ ಶಸ್ತ್ರಕ್ರಿಯೆಯಾಯಿತು. ಹಾಗೆ ಕೊಯ್ಸಿಕೊಂಡ 15,000ಕ್ಕೂ ಹೆಚ್ಚು ಮಂದಿಯ ದಾಖಲೆಗಳನ್ನು ನೋಡಿದಾಗ, ಶೇಕಡ 11 ಮಂದಿಗೆ ಸುಣ್ಣದಂಶವನ್ನು ಹತೋಟಿಯಲ್ಲಿಡುವ ಪಕ್ಕದ ಗ್ರಂಥಿಗಳು ಕುಂದಿದ್ದುವು, ಶೇಕಡ 2 ಮಂದಿಗೆ ಧ್ವನಿತಂತು ಸೋತಿತ್ತು.

ಎರಡನೆಯ ವರ್ಗವೆಂದು ವರದಿ ಬಂದವರು ನೆಮ್ಮದಿಯಾಗಿರಬಹುದು, ಆದರೆ ಗಂಟನ್ನು ಮರೆತುಬಿಡಬಾರದು. ಸಾಮಾನ್ಯವಾಗಿ ಒಂದೆರಡು ವರ್ಷಗಳಲ್ಲಿ ಮತ್ತೊಮ್ಮೆ ಅಲ್ಟ್ರಾಸೌಂಡ್ ಮಾಡಿಸುತ್ತಾರೆ. ಚಿತ್ರ ಬಹಳ ಸಂಶಯಾಸ್ಪದವಾಗಿದ್ದು ಸೂಜಿ ಮಾತ್ರ ನಿರಪಾಯವೆಂದರೆ, ಒಂದು ವರ್ಷದೊಳಗೆ ಮರಳಿ ಚುಚ್ಚಿ ನೋಡುವುದು ಪದ್ಧತಿ.