ಸಹಿ ಚಾಲಕನದು, ಭಾಷೆ ಯಾರದು?

ಲಾರಿ ಚಾಲಕ ಮಳೆಗೆ ಹೆದರುವುದಿಲ್ಲ, ಘಾಟಿಗೆ ಹೆದರುವುದಿಲ್ಲ. ಅವನು ಹೆದರುವುದು ಸರಕಾರದ ಕಾಗದಕ್ಕೆ. ಒಂದು ನಿಯಮ ತಲೆಗೆ ಹತ್ತುವಷ್ಟರಲ್ಲಿ ಇನ್ನೊಂದು ಬಂದು ನಿಂತಿರುತ್ತದೆ, ಅದೂ ಅವನಿಗೆ ಬಾರದ ಭಾಷೆಯಲ್ಲಿ.

ಯುವಮಿತ್ರರೇ, ಲೆಕ್ಕ ನೋಡಿ. 2017ರ ಜುಲೈನಲ್ಲಿ ಜಿಎಸ್‌ಟಿ ಬಂತು. 2018ರ ಏಪ್ರಿಲ್ 1ರಿಂದ ಇ-ವೇ ಬಿಲ್. ರಾಜ್ಯದೊಳಗಿನ ಸಾಗಣೆಗೂ ಅವತ್ತೇ ಅದನ್ನು ಹೇರಿದ್ದು ನಮ್ಮ ಕರ್ನಾಟಕ. ಇಂಥದ್ದರಲ್ಲಿ ಮಾತ್ರ ನಾವು ಮುಂದು! ಮೊದಲು 100 ಕಿ.ಮೀ.ಗೆ ಒಂದು ದಿನದ ಗಡುವಿತ್ತು. 2021ರ ಜನವರಿಯಿಂದ ಅದೇ ಒಂದು ದಿನದಲ್ಲಿ 200 ಕಿ.ಮೀ. ಓಡಬೇಕು. 2022ರ ಜನವರಿಯಿಂದ ತೆರಿಗೆಯ ಎರಡು ಪಟ್ಟು ದಂಡ.

2024ರ ಜುಲೈನಲ್ಲಿ ಸಕಲೇಶಪುರದ ಬಳಿ ಗುಡ್ಡ ಕುಸಿದು ಶಿರಾಡಿ ದಾರಿ ಬಂದ್ ಆಯಿತು. ಕುಸಿಯುವ ಗುಡ್ಡ ಗಡುವು ಕೇಳುತ್ತದೆಯೇ? ಗಡುವು ವಿಸ್ತರಿಸಲು ಅವಕಾಶವಿದೆ, ನಿಜ. ಆದರೆ ಅದು ಮುಗಿಯುವ ಹಿಂದಿನ ಅಥವಾ ಮುಂದಿನ 8 ಗಂಟೆಯೊಳಗೆ, ಕಂಪ್ಯೂಟರಿನಲ್ಲಿ ಆಗಬೇಕು. ಕಂಪ್ಯೂಟರ್ ಟ್ರಾನ್ಸ್‌ಪೋರ್ಟ್ ಕಚೇರಿಯಲ್ಲಿ, ಚಾಲಕ ಕೆಸರಿನಲ್ಲಿ.

ತಪಾಸಣೆಗೆ ಲಾರಿ ಕೈ ತೋರಿಸಿ ನಿಲ್ಲಿಸಿದರೆಂದುಕೊಳ್ಳಿ. ಕಾಗದದಲ್ಲಿ ತಕರಾರು ಕಂಡರೆ ಮೊದಲು ಬರುವುದು ‘ಎಂಒವಿ-01’ ಎಂಬ ನಮೂನೆ. ಅದು ಚಾಲಕನ ಹೇಳಿಕೆ. ಸರಕು ಎಲ್ಲಿಂದ, ಎಲ್ಲಿಗೆ, ಯಾವ ಕಾಗದ ತೋರಿಸಿದ, ಎಲ್ಲವೂ ಅವನ ಬಾಯಿಂದ ಬಂದದ್ದೆಂದು ದಾಖಲಾಗುತ್ತದೆ. ಕೇಂದ್ರದ ಸುತ್ತೋಲೆಯಲ್ಲಿ ಕೊಟ್ಟಿರುವ ಆ ನಮೂನೆ ಇಂಗ್ಲಿಷಿನದು. ಹಾವೇರಿಯ ಚಾಲಕ ಕನ್ನಡದಲ್ಲಿ ಹೇಳಿದ್ದು ಇಂಗ್ಲಿಷಿನಲ್ಲಿ ಏನಾಯಿತೋ ಅವನಿಗೆ ಗೊತ್ತಿಲ್ಲ. ಕೆಳಗೆ ಸಹಿ ಮಾತ್ರ ಅವನದು.

ಇನ್ನೊಂದು ಸಂಗತಿ. ಅಪಘಾತದ ಸಾವಿಗೆ ಹಳೆಯ ಕಾಯ್ದೆಯ 304ಎ ಕಲಮಿನಲ್ಲಿ ಗರಿಷ್ಠ 2 ವರ್ಷ ಶಿಕ್ಷೆಯಿತ್ತು. ಹೊಸ ನ್ಯಾಯ ಸಂಹಿತೆಯ 106(2) ಅದನ್ನು 10 ವರ್ಷಕ್ಕೆ ಏರಿಸಿತು. ಯಾರಿಗೆ? ಪೊಲೀಸರಿಗಾಗಲಿ ಮ್ಯಾಜಿಸ್ಟ್ರೇಟರಿಗಾಗಲಿ ಕೂಡಲೇ ತಿಳಿಸದೆ ಓಡಿಹೋದವನಿಗೆ. 2024ರ ಜನವರಿಯಲ್ಲಿ ದೇಶದ ಹಲವೆಡೆ ಚಾಲಕರು ಲಾರಿ ನಿಲ್ಲಿಸಿ ರಸ್ತೆಗಿಳಿದರು. ಜುಲೈ 1ರಂದು ಸಂಹಿತೆ ಜಾರಿಯಾದಾಗ ಆ ಉಪಕಲಮನ್ನು ತಡೆಹಿಡಿದರು. ಚಾಲಕನ ಭಯ ಸುಳ್ಳಲ್ಲ, ನಿಂತರೆ ಜನ ಬಡಿಯುತ್ತಾರೆ. ಆದರೆ ಓಡುವುದು ಬೇರೆ, ಠಾಣೆಗೆ ಹೋಗಿ ತಿಳಿಸುವುದು ಬೇರೆ. ಹತ್ತು ವರ್ಷ ಜೈಲು ಆ ಎರಡರ ನಡುವೆ ಇದೆ. ಇದನ್ನು ಅವನಿಗೆ ಅರ್ಥವಾಗುವ ಕನ್ನಡದಲ್ಲಿ, ಪ್ರತಿ ಲಾರಿ ನಿಲ್ದಾಣದಲ್ಲಿ, ಒಂದು ಭಿತ್ತಿಪತ್ರ ಅಂಟಿಸಿ ಹೇಳಬಾರದೇ?

ದಿಲ್ಲಿ ಮಾಡಿದ ನಿಯಮ, ನಾವೇನು ಮಾಡಲಿ ಎಂಬ ಜಾಣ ಉತ್ತರ ಬೇಡ. ಇಲ್ಲಿ ಲಾರಿ ನಿಲ್ಲಿಸುವವರಲ್ಲಿ ನಮ್ಮ ರಾಜ್ಯದ ಅಧಿಕಾರಿಗಳೇ ಇದ್ದಾರೆ. ಕನ್ನಡವನ್ನು ಆಡಳಿತ ಭಾಷೆ ಮಾಡಿದ ಕಾಯ್ದೆ 1963ರದ್ದು. ಅರವತ್ತು ವರ್ಷ ದಾಟಿತು!

ಖರ್ಚಿನ ನೆಪವೂ ಬೇಡ. ಬಿಲ್ಟಿ ಪುಸ್ತಕ ಅಚ್ಚು ಹಾಕಿ ಹೊಟ್ಟೆ ಹೊರೆಯುವವನು ನಾನು. ಹಾಳೆಯ ಒಂದು ಮಗ್ಗುಲು ಇಂಗ್ಲಿಷ್, ಇನ್ನೊಂದು ಮಗ್ಗುಲು ಕನ್ನಡ ಹಾಕಿದರೆ ಕಾಗದ ಅಷ್ಟೇ ಸಾಕು. ಮತ್ತೊಂದು ಪ್ಲೇಟು, ಒಂದಿಷ್ಟು ಮಸಿ, ಅಷ್ಟೆ.

ಬೆಂಗಳೂರಿನ ಹುಡುಗರೇ, ವಾಣಿಜ್ಯ ತೆರಿಗೆ ಕಚೇರಿ ಗಾಂಧಿನಗರದಲ್ಲೇ ಇದೆ. ನಾಲ್ಕು ಜನ ಕೂಡಿ ಹೋಗಿ, ಚಾಲಕನ ಹೇಳಿಕೆಯ ನಮೂನೆ ಕನ್ನಡದಲ್ಲಿ ಬೇಕೆಂದು ಅರ್ಜಿ ಕೊಡಿ, ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬನ್ನಿ. ಅಚ್ಚಿಗೆ ದುಡ್ಡಿಲ್ಲವೆಂದರೆ ಮೊದಲ ಸಾವಿರ ಹಾಳೆ ನನ್ನ ಲೆಕ್ಕಕ್ಕೆ ಬರೆಯಿರಿ.