ಠೇವಣಿಯಲ್ಲ, ಪ್ರಾರ್ಥನೆ

ಮುಂಬಯಿಯ ಮಾಹಿಮ್ ಇಗರ್ಜಿಯಲ್ಲಿ 1948ರಿಂದ ಬುಧವಾರದ ನೊವೆನಾ ನಡೆದುಬಂದಿದೆ. ಹೊರಗೆ ಮೇಣದ ಮನೆ, ಮೇಣದ ಕೈಕಾಲು ಮಾರುತ್ತಾರೆ. ಊರಿಂದ ಫೋನು: "ಅಂಕಲ್, ನಮ್ಮ ಹೆಸರಲ್ಲೂ ಒಂದು ಒಪ್ಪಿಸಿಬಿಡಿ, ಒಂಬತ್ತು ವಾರದಲ್ಲಿ ಕೆಲಸ ಆಗ್ಬೇಕು." ಬ್ಯಾಂಕಿನಲ್ಲಿದ್ದವನು ನಾನು, ಮೆಚ್ಯೂರಿಟಿ ತಾರೀಖು ಠೇವಣಿಗೆ ಸ್ವಾಮಿ, ದೇವರಿಗಲ್ಲ! ಅಬ್ರಹಾಮನು ಕರೆಗೆ ಓಗೊಟ್ಟು ಹೊರಟಾಗ 75 ವರ್ಷ, ಇಸಾಕ ಹುಟ್ಟಿದಾಗ 100. ಪೌಲ ಮೂರು ಸಲ ಬೇಡಿದರೂ ಮುಳ್ಳು ಹೋಗಲಿಲ್ಲ, ಸಿಕ್ಕಿದ್ದು ಕೃಪೆ. ಹೀಗಿರುವಾಗ ಕಾಯಿಲೆ ವಾಸಿಯಾಗದವರಿಗೆ 'ನಿಮ್ಮ ವಿಶ್ವಾಸ ಸಾಲದು' ಅನ್ನುವುದು ಶುದ್ಧ ಕ್ರೌರ್ಯ. ಮೇಣದ ಮನೆ ಒಪ್ಪಿಸಿ, ಬೇಡವೆನ್ನೆ. ಆದರೆ ಕೆಲಸವಾಗದಿದ್ದರೂ ಹತ್ತನೆಯ ಬುಧವಾರ ಮೊಣಕಾಲೂರಿ. ಗುರುವಾರ ಮನೆಯಲ್ಲೂ ಊರಿ.