ಮನೆಯ ನೆಲದಡಿಯ ಗಾಳಿಯನ್ನೂ ವಿಚಾರಿಸೋಣ

ಎರಡು ವರ್ಷಗಳ ಹಿಂದೆ ನನ್ನ ಮಗಳು ಮತ್ತು ಅಳಿಯ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಮನೆ ಕೊಳ್ಳುವಾಗ ನಾನೂ ಅಲ್ಲಿದ್ದೆ. ಆ ಮನೆಯ ವಿಶಾಲವಾದ ನೆಲಮಾಳಿಗೆಯನ್ನು ಮೊಮ್ಮಗನ ಆಟಪಾಠದ ಕೋಣೆಯಾಗಿಸುವುದೆಂದು ನಿಶ್ಚಯವಾಗಿತ್ತು. ಕ್ರಯಕ್ಕೆ ಮುನ್ನ ನಡೆದ ತಪಾಸಣೆಯ ವರದಿ ಬಂದಾಗ ಅದರ ಒಂದು ಸಾಲು ನಮ್ಮನ್ನು ತಡೆದು ನಿಲ್ಲಿಸಿತು. ನೆಲಮಾಳಿಗೆಯ ಗಾಳಿಯಲ್ಲಿ ಪ್ರತಿ ಲೀಟರಿಗೆ 9 ಪಿಕೊಕ್ಯೂರಿಯಷ್ಟು ರೇಡಾನ್ ಇತ್ತು. ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯ ಪ್ರಕಾರ 4 ತಲುಪಿದರೇ ಮನೆಯನ್ನು ಸರಿಪಡಿಸಬೇಕು. ಇದು ಹಣ ಕೀಳುವ ಮತ್ತೊಂದು ಉಪಾಯವೆಂದು ನಾನು ಅಂದು ವಾದಿಸಿದೆ. ನನ್ನ ವಾದ ತಪ್ಪಾಗಿತ್ತು.

ಕಲ್ಲುಮಣ್ಣಿನಲ್ಲಿ ಸಹಜವಾಗಿಯೇ ಇರುವ ಯುರೇನಿಯಂ ಕ್ಷಯಿಸುತ್ತಾ ಹೋದಂತೆ ಹುಟ್ಟುವ ಅನಿಲ ರೇಡಾನ್. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಬಯಲಿನಲ್ಲಿ ಅದು ಗಾಳಿಯೊಡನೆ ಚದುರಿಹೋಗುತ್ತದೆ. ಮುಚ್ಚಿದ ಮನೆಯಲ್ಲಿ ನೆಲದ ಬಿರುಕುಗಳಿಂದ ನುಸುಳಿ ಶೇಖರಗೊಳ್ಳುತ್ತದೆ. ಅದರಿಂದ ಹುಟ್ಟುವ ಪೊಲೋನಿಯಂ ಕಣಗಳು ಉಸಿರಿನೊಡನೆ ಶ್ವಾಸಕೋಶವನ್ನು ಸೇರಿ, ಆಲ್ಫಾ ವಿಕಿರಣದಿಂದ ಜೀವಕೋಶಗಳಿಗೆ ಹಾನಿ ಮಾಡುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1988ರಲ್ಲಿಯೇ ರೇಡಾನನ್ನು ಕ್ಯಾನ್ಸರ್‌ಕಾರಕವೆಂದು ಘೋಷಿಸಿತು. ಅಮೆರಿಕವೊಂದರಲ್ಲಿಯೇ ಇದರಿಂದ ವರ್ಷಕ್ಕೆ ಸುಮಾರು 21,000 ಮಂದಿ ಶ್ವಾಸಕೋಶದ ಕ್ಯಾನ್ಸರಿಗೆ ಬಲಿಯಾಗುತ್ತಾರೆಂಬುದು ಅಲ್ಲಿನ ಸರ್ಕಾರದ ಅಂದಾಜು. ಧೂಮಪಾನಿಗಳಿಗಂತೂ ಅಪಾಯ ಹಲವು ಪಟ್ಟು ಹೆಚ್ಚು.

ಈ ಅಪಾಯ ಜನರ ಗಮನಕ್ಕೆ ಬಂದ ಕಥೆಯೂ ಪೆನ್ಸಿಲ್ವೇನಿಯಾದ್ದೇ. 1984ರ ಡಿಸೆಂಬರ್‌ನಲ್ಲಿ ಲಿಮರಿಕ್ ಅಣುವಿದ್ಯುತ್ ಸ್ಥಾವರದ ಎಂಜಿನಿಯರ್ ಸ್ಟ್ಯಾನ್ಲಿ ವಾಟ್ರಸ್ ಕೆಲಸಕ್ಕೆ ಬಂದಾಗ ವಿಕಿರಣ ಪತ್ತೆಯಂತ್ರಗಳು ಮೊಳಗಿದವು. ಸ್ಥಾವರದೊಳಗೆ ಹೋಗುವ ಮೊದಲೇ ಅವರ ಮೈಮೇಲೆ ವಿಕಿರಣವಿತ್ತು! ಅದು ಬಂದದ್ದು ಅವರ ಮನೆಯಿಂದ. ಅಲ್ಲಿನ ರೇಡಾನ್ ಪ್ರಮಾಣ ಸುಮಾರು 2,700 ಪಿಕೊಕ್ಯೂರಿ. ಆ ಮನೆಯನ್ನೂ ಸರಿಪಡಿಸಲಾಯಿತು. ಕುಟುಂಬ ಅಲ್ಲಿಗೇ ಮರಳಿತು.

ನನ್ನ ಮಗಳ ಮನೆಯ ದುರಸ್ತಿಗೆ ಹಿಡಿದದ್ದು ಒಂದೇ ದಿನ. ಕಾಂಕ್ರೀಟ್ ನೆಲವನ್ನು ಕೊರೆದು ಪಿವಿಸಿ ಕೊಳವೆಯೊಂದನ್ನು ಇಳಿಸಿ, ಅದರ ಇನ್ನೊಂದು ತುದಿಯನ್ನು ಸೂರಿನ ಮೇಲಕ್ಕೆ ಒಯ್ದು, ನಡುವೆ ಚಿಕ್ಕ ಫ್ಯಾನ್ ಜೋಡಿಸಿದರು. ನೆಲದಡಿಯ ಅನಿಲವನ್ನು ಮನೆಯೊಳಕ್ಕೆ ಬರುವ ಮೊದಲೇ ಅದು ಹೊರಕ್ಕೆ ಸೆಳೆಯುತ್ತದೆ. ಬಿರುಕುಗಳನ್ನೂ ಮುಚ್ಚಿದರು. ಮರುಪರೀಕ್ಷೆಯಲ್ಲಿ ಕಂಡ ಅಂಕಿ 1.2. ಒಟ್ಟು ಖರ್ಚು ಒಂದೂವರೆ ಸಾವಿರ ಡಾಲರ್. ಮನೆಯ ಬೆಲೆಯ ಮುಂದೆ ಅದು ಏನೇನೂ ಅಲ್ಲ.

ಬೆಂಗಳೂರಿಗೆ ಮರಳಿದ ಮೇಲೆ ನನ್ನನ್ನು ಕಾಡಿದ್ದು ನಮ್ಮದೇ ಮನೆಗಳ ಪ್ರಶ್ನೆ. ಲಾಲ್‌ಬಾಗಿನ ಬಂಡೆಯೇ ಸಾಕ್ಷಿ, ಈ ಊರು ನಿಂತಿರುವುದು ಪುರಾತನ ನೈಸ್ ಶಿಲೆಯ ಮೇಲೆ; ಸುತ್ತಲೂ ಗ್ರಾನೈಟ್. ಹಾಗೆಂದ ಮಾತ್ರಕ್ಕೆ ಇಲ್ಲಿನ ಮನೆಗಳೆಲ್ಲ ಅಪಾಯದಲ್ಲಿವೆ ಎಂದು ನಾನು ಹೇಳುತ್ತಿಲ್ಲ. ಅಕ್ಕಪಕ್ಕದ ಎರಡು ಮನೆಗಳಲ್ಲಿಯೇ ರೇಡಾನ್ ಮಟ್ಟ ಬೇರೆ ಬೇರೆಯಾಗಿರಬಹುದು. ಹೆಂಚಿನ ಸಂದು, ಗವಾಕ್ಷಿ, ತೆರೆದ ಕಿಟಕಿಗಳಿದ್ದ ನಮ್ಮ ಹಳೆಯ ಮನೆಗಳು ತಮಗರಿಯದೆಯೇ ಈ ಅನಿಲವನ್ನು ಹೊರಹಾಕುತ್ತಿದ್ದವು. ಇಂದು ದೂಳು, ಸದ್ದು, ಸೊಳ್ಳೆಗಳ ಕಾಟಕ್ಕೆ ಕಿಟಕಿ ಮುಚ್ಚಿ ಎ.ಸಿ. ಹಾಕಿ ಮಲಗುತ್ತೇವೆ; ನೆಲಮಾಳಿಗೆಗಳಲ್ಲಿ ಕಚೇರಿ, ಟ್ಯೂಷನ್ ನಡೆಸುತ್ತೇವೆ. ನಿವೇಶನ ಕೊಳ್ಳುವಾಗ ವಾಸ್ತು, ಖಾತೆ, ಕೊಳವೆಬಾವಿಯ ಆಳ ಎಲ್ಲವನ್ನೂ ವಿಚಾರಿಸುವ ನಾವು ನೆಲದಿಂದ ಏಳುವ ಗಾಳಿಯನ್ನು ವಿಚಾರಿಸಿದ್ದುಂಟೇ?

ಕಸ, ಹೊಗೆ, ನೀರಿನ ಅಭಾವಗಳಿಂದ ಬಳಲುತ್ತಿರುವ ನಗರಕ್ಕೆ ಈ ಹೊಸ ಚಿಂತೆ ಬೇಕೇ ಎಂದು ಕೆಲವರು ಕೇಳಬಹುದು. ಆ ಸಮಸ್ಯೆಗಳನ್ನು ಒಂದು ಕುಟುಂಬ ತಾನೇ ಬಗೆಹರಿಸಿಕೊಳ್ಳಲಾರದು. ರೇಡಾನ್ ವಿಷಯದಲ್ಲಿ ಮಾತ್ರ ಅದು ಸಾಧ್ಯ, ಅಳೆಯುವ ಅನುಕೂಲವಿದ್ದರೆ. ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಹಾಗೂ ಮೈಸೂರು, ಬೆಂಗಳೂರು ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ರೇಡಾನ್ ಅಧ್ಯಯನ ನಡೆಸಿದ್ದಾರೆ. ಆ ಜ್ಞಾನ ಸಂಶೋಧನಾ ಪ್ರಬಂಧಗಳಲ್ಲಿಯೇ ಉಳಿಯಬಾರದು. ಸರ್ಕಾರವು ಮೊದಲು ಶಾಲೆ, ಅಂಗನವಾಡಿಗಳಲ್ಲಿ ಮಾಪನ ನಡೆಸಿ ಫಲಿತಾಂಶವನ್ನು ಕನ್ನಡದಲ್ಲಿ ಪ್ರಕಟಿಸಲಿ. ಸಾಧಾರಣ ಶುಲ್ಕಕ್ಕೆ ನಾಗರಿಕರ ಮನೆಗಳನ್ನೂ ಪರೀಕ್ಷಿಸುವ ವ್ಯವಸ್ಥೆ ಮಾಡಲಿ. ಜನವಾಸದ ನೆಲಮಾಳಿಗೆಗಳಿಗೆ ಗಾಳಿಯ ವ್ಯವಸ್ಥೆ ಕಡ್ಡಾಯವಾಗಲಿ.

ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಸೂಚಿಸಿದ ಮಟ್ಟ ಘನಮೀಟರಿಗೆ 100 ಬೆಕ್ವೆರೆಲ್, ಅಂದರೆ 2.7 ಪಿಕೊಕ್ಯೂರಿ. ನಮ್ಮ ಮನೆ ಅದರ ಕೆಳಗಿದೆಯೋ ಮೇಲಿದೆಯೋ ತಿಳಿಯದೆ ಹೆದರುವುದೂ ತಪ್ಪು, ನಿಶ್ಚಿಂತೆಯಿಂದಿರುವುದೂ ತಪ್ಪು. ನನ್ನ ಮೊಮ್ಮಗ ಈಗ ಆ ನೆಲಮಾಳಿಗೆಯಲ್ಲಿಯೇ ಓದುತ್ತಾನೆ. ಅಂದು ನನ್ನ ಮಾತನ್ನು ಕೇಳಿದ್ದರೂ ಅಲ್ಲಿಯೇ ಓದುತ್ತಿದ್ದ. ಆದರೆ ಏನನ್ನು ಉಸಿರಾಡುತ್ತಿದ್ದಾನೆಂದು ನಮ್ಮಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ.